ನೋಟು ಕೊಟ್ಟು ಕರೆನ್ಸಿ ಹಾಕಿಸೋರು

ಕನ್ನಡದಲ್ಲಿ ದುಡ್ಡಿಗಿರೋ ಹೆಸರುಗಳನ್ನ ಒಮ್ಮೆ ನೋಡಿ. ಹಣ ಅಂದ್ರೆ ಒಂದು ಕಾಲಕ್ಕೆ ಪುಟ್ಟ ಚಿನ್ನದ ನಾಣ್ಯ. ಕಾಸು, ದುಡ್ಡು ತಾಮ್ರದವು. ರೊಕ್ಕ ಅಂದ್ರೆ ಕೈಯಿಂದ ಕೈಗೆ ಕೊಡೋ ನಗದು. ಎಲ್ಲವೂ ಮುಟ್ಟಿ ನೋಡಬಹುದಾದವು. ಮೊಬೈಲ್ ಬಂದ ಮೇಲೆ ನಮ್ಮ ಜನ ಇನ್ನೊಂದು ಹೆಸರು ಸೇರಿಸಿದರು: ಕರೆನ್ಸಿ. ಇಂಗ್ಲಿಷಿನವರಿಗೆ ಅದು ನೋಟು, ನಾಣ್ಯ. ನಮಗೆ ಅದು ಫೋನಿನೊಳಗಿರೋ, ಕಣ್ಣಿಗೆ ಕಾಣದ ಬ್ಯಾಲೆನ್ಸ್.

ನಮ್ಮ ಹೊಸಪೇಟೆ ಬಸ್ ಸ್ಟ್ಯಾಂಡ್ ಸುತ್ತ, ಸಂಡೂರಿನಲ್ಲಿ, ಕಂಪ್ಲಿಯಲ್ಲಿ ಇವತ್ತಿಗೂ ಜನ ಅಂಗಡಿಗೆ ಹೋಗಿ ‘ಅಣ್ಣಾ, ಕರೆನ್ಸಿ ಹಾಕ್ರಿ’ ಅಂತ ನೋಟು ಚಾಚುತ್ತಾರೆ. ಅವರಲ್ಲಿ ಎಷ್ಟೋ ಜನರ ಜೇಬಲ್ಲಿ ಯುಪಿಐ ಇರೋ ಫೋನೇ ಇರುತ್ತೆ. ಬೆಂಗಳೂರಿನ ಗೆಳೆಯರಿಗೆ ಇದನ್ನ ಹೇಳಿದರೆ ‘ಪಾಪ, ಗೊತ್ತಾಗಲ್ಲ ಅವರಿಗೆ’ ಅಂತಾರೆ. ನನಗೆ ಹಾಗನ್ನಿಸಲ್ಲ. ಅವರು ಕೇಳುತ್ತಿರೋದು ಬಹಳ ಹಳೇ ಪ್ರಶ್ನೆ: ದುಡ್ಡು ನನ್ನ ಕೈಬಿಟ್ಟ ಮೇಲೆ ಅದಕ್ಕೆ ಸಾಕ್ಷಿ ಯಾರು?

ಈ ನೆಲದಲ್ಲೇ ಆ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನ ನೋಡೋಣ. 1443ರಲ್ಲಿ ಪರ್ಷಿಯಾದಿಂದ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಇವು ಚಿನ್ನದವು. ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ, ಅದರ ಮೂರನೇ ಒಂದು ಪಾಲು ತಾಮ್ರದ ಜಿತಲ್. ಅಂದ್ರೆ ಒಂದು ವರಹಕ್ಕೆ 360 ಜಿತಲ್. ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರೋದು ಹಣ ಅನ್ನುತ್ತಾನೆ ಅವನು. ಅಷ್ಟು ಶ್ರೀಮಂತ ಊರಲ್ಲೂ ಸಂತೆ ನಡೆಸಿದ್ದು ಚಿಲ್ಲರೆಯೇ. ಇಂಥ ನಾಣ್ಯಕ್ಕೆ ಬೇರೆ ಸಾಕ್ಷಿ ಬೇಡ. ಅದರ ತೂಕ, ಲೋಹವೇ ಸಾಕ್ಷಿ.

ಆದರೆ ಕೊಟ್ಟದ್ದಕ್ಕೆ ಪ್ರತಿಫಲ ಮುಂದೆಂದೋ ಸಿಗಬೇಕಾದಾಗ ಕಷ್ಟ ಶುರು. ದೇವಸ್ಥಾನದ ಭಂಡಾರಕ್ಕೆ ಹೊನ್ನು ಕೊಟ್ಟು, ಪ್ರತಿಯಾಗಿ ದಿನಾ ದೀಪ ಉರಿಯಲಿ, ನೈವೇದ್ಯ ಆಗಲಿ ಅಂತ ಗೊತ್ತುಮಾಡೋರು ಆಗ ಬಹಳ ಜನ. ಇದು ಖಾತೆಗೆ ಜಮಾ ಮಾಡಿದಂತೆಯೇ. ಕೊಟ್ಟವರು ಸತ್ತ ಮೇಲೂ ದೀಪ ಉರಿಯುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ? ಕಲ್ಲಿನ ಮೇಲೆ ಕೆತ್ತಿಸಿದರು. ಅರಸನೂ ಹಾಗೇ ಮಾಡಿದ. ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ಕೊಟ್ಟ ದತ್ತಿಯ ಶಾಸನ, 1510ರದ್ದು, ಹಂಪಿಯ ವಿರೂಪಾಕ್ಷ ಗುಡಿಯಲ್ಲಿದೆ. ಬಚ್ಚಿಟ್ಟ ಓಲೆಯಲ್ಲ ಅದು, ಬಂದು ಹೋಗೋರ ಕಣ್ಣಿಗೆ ಬೀಳೋ ರಸೀದಿ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೊಸಪೇಟೆ, ಕಂಪ್ಲಿ ಕಂಪನಿ ಪಾಲಾದವು, ಸಂಡೂರು ಘೋರ್ಪಡೆ ಅರಸರ ಹತ್ತಿರ ಉಳಿಯಿತು. ವರಹವೂ ಇದೆ, ರೂಪಾಯಿಯೂ ಇದೆ, ಒಂದೊಂದರಲ್ಲೂ ಹಲವು ಬಗೆ. ಒಂದನ್ನ ಕೊಟ್ಟು ಇನ್ನೊಂದು ತಗೋಬೇಕಂದ್ರೆ ಶರಾಫನ ಹತ್ತಿರ ಹೋಗಬೇಕು, ಅವನು ವಟ್ಟ ಮುರಿದುಕೊಳ್ಳುತ್ತಿದ್ದ. ಆಮೇಲೆ 1880ರಲ್ಲಿ ಅಂಚೆಯ ಮನಿ ಆರ್ಡರ್ ಬಂತು. ಇಲ್ಲಿ ಕೌಂಟರಿನಲ್ಲಿ ನಗದು ಕಟ್ಟಿದರೆ ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ನಗದು ತರುತ್ತಿದ್ದ. ಪಡೆದವರ ಸಹಿಯೋ ಹೆಬ್ಬೆಟ್ಟೋ ಇರೋ ಚೀಟಿ ಕಳಿಸಿದವರಿಗೆ ವಾಪಸ್ ಬರುತ್ತಿತ್ತು. ನಡುವೆ ಏನಾಯ್ತೋ ಯಾರಿಗೂ ಕಾಣದು, ಆದರೆ ಎರಡೂ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ.

ಕರೆನ್ಸಿ ಅಂಗಡಿ ಇದೇ ಸಾಲಿನಲ್ಲಿ ಬರುತ್ತೆ. ಮೊದಲು ಕೆರೆಯೋ ಕಾರ್ಡ್ ಇತ್ತು, ಕೈಯಲ್ಲಿ ಹಿಡಿಯಬಹುದಿತ್ತು. ಆಮೇಲೆ ಅಂಗಡಿಯವನ ಫೋನಿನಿಂದ ನಮ್ಮ ಫೋನಿಗೆ ನೇರವಾಗಿ ಬರೋಕೆ ಶುರುವಾಯ್ತು. ಅಲ್ಲಿ ನಡೆಯೋ ವ್ಯವಹಾರ ಗಮನಿಸಿ. ನಂಬರ್ ಹೇಳಿ, ನೋಟು ಕೊಟ್ಟು, ಅಲ್ಲೇ ನಿಲ್ಲುತ್ತಾರೆ. ‘ಬಂತಾ?’ ‘ತಡಿ ಅಣ್ಣ... ಹ್ಞಾಂ, ಬಂತು.’ ಮೆಸೇಜ್ ಬರೋವರೆಗೆ ಇಬ್ಬರೂ ಕದಲಲ್ಲ. ಬರದಿದ್ರೆ ಜಗಳ ಆಡೋಕೆ ಎದುರಿಗೊಬ್ಬ ಇದ್ದಾನೆ. ಆ್ಯಪಿನಲ್ಲಿ ದುಡ್ಡು ಕಟ್ ಆಗಿ ರೀಚಾರ್ಜ್ ಆಗದಿದ್ರೆ ಎದುರಿಗಿರೋದು ‘ಪ್ರೊಸೆಸಿಂಗ್’ ಅನ್ನೋ ಪದ. ತಿಂಗಳ ಸಂಬಳ ಬರೋ ನಮಗೆ ಅದು ಕಿರಿಕಿರಿ ಅಷ್ಟೇ. ದಿನಗೂಲಿಯವರಿಗೆ ಅದು ಒಂದು ದಿನದ ದುಡಿಮೆ.

ಬೇರೆ ಕಾರಣಗಳೂ ಇವೆ. ಕೆಲವರ ಹತ್ತಿರ ಬಟನ್ ಫೋನು. ಅದಕ್ಕೂ 2022ರಲ್ಲಿ ಯುಪಿಐ ಬಂತು, ಆದರೆ ಖಾತೆಯ ಕಡೆಯಿಂದ ಯೋಚಿಸಿ: ಕೂಲಿ ನೋಟಿನಲ್ಲೇ ಬಂದಿದ್ದರೆ ಅದನ್ನ ಬ್ಯಾಂಕಿಗೆ ಹಾಕಿ, ಮತ್ತೆ ಫೋನಿಗೆ ತಂದು, ಅಲ್ಲಿಂದ ಕರೆನ್ಸಿ ಮಾಡೋದು ಸುತ್ತುಬಳಸಿನ ದಾರಿ. ಕೆಲವರು ಬ್ಯಾಂಕಿನ ದುಡ್ಡನ್ನ ಮುಟ್ಟಬಾರದು ಅಂತಲೇ ಬೇರೆ ಇಟ್ಟಿರುತ್ತಾರೆ, ಫೋನಿನ ಖರ್ಚು ಸೆರಗಿನ ಗಂಟಿನಿಂದ. ಮೇಲಾಗಿ, 2021ರಿಂದೀಚೆ ದೊಡ್ಡ ಆ್ಯಪ್‌ಗಳು ಒಂದೊಂದಾಗಿ ರೀಚಾರ್ಜಿಗೆ ಒಂದೆರಡು ರೂಪಾಯಿ ಶುಲ್ಕ ಹಾಕೋಕೆ ಶುರುಮಾಡಿದವು. ಶರಾಫನ ವಟ್ಟ ವಾಪಸ್ ಬಂತು ಅನ್ನಿ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ನಗದಿನ ಕಾಲ ಮುಗೀತು ಅಂದವರು ಬಹಳ. ಆಗ ಚಲಾವಣೆಯಲ್ಲಿದ್ದದ್ದು ಸುಮಾರು 18 ಲಕ್ಷ ಕೋಟಿ ರೂಪಾಯಿ, 2024ರ ಮಾರ್ಚ್‌ಗೆ ಸುಮಾರು 35 ಲಕ್ಷ ಕೋಟಿ. ಯುಪಿಐ ಬೆಳೆದದ್ದೂ ನಿಜ, ನಗದು ಬೆಳೆದದ್ದೂ ನಿಜ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ನಮ್ಮ ಬೆಂಗಳೂರಿನಲ್ಲೇ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ನೇತಾಡಿದವು. ಸಾಕ್ಷಿ ಬೇಕು ಸರಿ, ಆದರೆ ಆ ಸಾಕ್ಷಿ ಯಾರ ಕೈಯಲ್ಲಿರಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಅದನ್ನ ಕೇಳಿದವರು ಊರುಕಡೆಯವರಲ್ಲ, ದಿನಾ ಕ್ಯೂಆರ್ ಕೋಡ್ ಬಳಸೋರೇ.

ನನಗಿರೋ ಚಿಂತೆ ಒಂದೇ. ಪೂರ್ತಿ ಆ್ಯಪಿಗೆ ಹೋದ ದಿನ ಆ ಅಂಗಡಿಯವನು ಕರೆನ್ಸಿ ಹಾಕೋದು ಬಿಡುತ್ತಾನೆ. ಅವನ ಜೊತೆ ‘ಬಂತಾ?’ ಅಂತ ಕೇಳೋ ಜಾಗವೂ ಹೋಗುತ್ತೆ. ಇದನ್ನ ಓದುತ್ತಿರೋರಲ್ಲಿ ಅಂಥ ಆ್ಯಪ್‌ಗಳನ್ನ ಕಟ್ಟೋರೂ ಇದ್ದೀರಿ. ದುಡ್ಡು ಕಟ್ ಆಗಿ ಕರೆನ್ಸಿ ಬರದಿದ್ದಾಗ ಕನ್ನಡದಲ್ಲಿ ಉತ್ತರ ಕೊಡೋ ಒಬ್ಬ ಮನುಷ್ಯನನ್ನ ಮೊದಲು ಕೂರಿಸಿ. ಅಲ್ಲಿವರೆಗೂ ನಮ್ಮೂರಿನವರು ನೋಟು ಹಿಡಿದು ಅಂಗಡಿ ಮುಂದೆ ನಿಲ್ಲೋದೇ ಸರಿ.