ಕಾರ್ಬನ್ ಮಾನಾಕ್ಸೈಡ್ ವಿಷಬಾಧೆ: ಒತ್ತಡದ ಆಮ್ಲಜನಕ ಚಿಕಿತ್ಸೆಯ ಇತಿಹಾಸ

ಇದ್ದಿಲು, ಕಟ್ಟಿಗೆ, ಡೀಸೆಲ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಈ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆಂದು 1857ರಲ್ಲಿ ತೋರಿಸಿದವರು ಫ್ರಾನ್ಸಿನ ಕ್ಲೋಡ್ ಬರ್ನಾರ್. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ 1895ರಲ್ಲಿ ಇಲಿಯನ್ನು ಎರಡು ವಾತಾವರಣದಷ್ಟು ಒತ್ತಡದ ಆಮ್ಲಜನಕದಲ್ಲಿಟ್ಟು ಈ ವಿಷ ಕೊಟ್ಟರು, ಇಲಿ ಬದುಕಿತು. ಹಿಮೋಗ್ಲೋಬಿನ್ ನಿರುಪಯೋಗಿಯಾದರೂ ರಕ್ತದ್ರವದಲ್ಲಿ ಕರಗಿದ ಆಮ್ಲಜನಕವೇ ಅದನ್ನು ಉಳಿಸಿತ್ತು. ಈ ತಿಳಿವು ರೋಗಿಯ ಹಾಸಿಗೆಗೆ ಬಂದದ್ದು 1960ರಲ್ಲಿ, ಗ್ಲಾಸ್ಗೋದ ಸ್ಮಿತ್ ಮತ್ತು ಶಾರ್ಪ್ ಅವರಿಂದ.

ಬರೀ ಗಾಳಿ ಉಸಿರಾಡಿದರೆ ರಕ್ತದ ವಿಷ ಅರ್ಧಕ್ಕಿಳಿಯಲು ಸುಮಾರು 5 ತಾಸು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು 80 ನಿಮಿಷ, ಮೂರು ವಾತಾವರಣದ ಒತ್ತಡದಲ್ಲಿ ಸುಮಾರು 23 ನಿಮಿಷ ಬೇಕು. ಆದರೂ ಒತ್ತಡದ ಚಿಕಿತ್ಸೆಯ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. 1999ರ ಆಸ್ಟ್ರೇಲಿಯಾದ ಅಧ್ಯಯನಕ್ಕೆ ಪ್ರಯೋಜನ ಕಾಣಲಿಲ್ಲ. 2002ರಲ್ಲಿ ಅಮೆರಿಕದ ವೀವರ್ ತಂಡ 152 ರೋಗಿಗಳ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಿಗೆ ಮರೆವು, ಮಂಕುತನ ಕಡಿಮೆಯಾದದ್ದನ್ನು ಕಂಡಿತು.

ಒತ್ತಡದ ಕೊಠಡಿಗಳು ಭಾರತದಲ್ಲಿರುವುದು ಮುಂಬೈನ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ ಮತ್ತು ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ. ಇಂಥ ಕೊಠಡಿಯನ್ನು ಹೊತ್ತೊಯ್ಯುವ ದಾರಿ ತೆರೆದದ್ದು ಪರ್ವತಾರೋಹಿಗಳಿಗಾಗಿ ಇಗೋರ್ ಗ್ಯಾಮೋವ್ 1980ರ ದಶಕದಲ್ಲಿ ರೂಪಿಸಿದ ಚೀಲ. ರೋಗಿಯನ್ನು ಒಳಗೆ ಮಲಗಿಸಿ, ಜಿಪ್ ಎಳೆದು, ಕಾಲಿನ ಪಂಪಿನಿಂದ ಗಾಳಿ ತುಂಬುತ್ತಾರೆ. ಆದರೆ ಅದು ಏರಿಸುವ ಒತ್ತಡ ವಾತಾವರಣದ ಏಳನೇ ಒಂದು ಭಾಗವಷ್ಟೆ. 1990ರ ದಶಕದಲ್ಲಿ ಅಮೆರಿಕದ ವೈದ್ಯರು ಈ ಚೀಲವನ್ನು ಬಲಪಡಿಸಿ, ಒಟ್ಟು ಒತ್ತಡವನ್ನು ಒಂದೂವರೆ ವಾತಾವರಣದ ಆಸುಪಾಸಿಗೆ ತಂದು, ತುರ್ತು ವಿಭಾಗದಲ್ಲಿ ಬಳಸಿದರು. ಮಡಚಿಡಬಹುದಾದ, ಎರಡು ವಾತಾವರಣವನ್ನೂ ಮೀರುವ ಸ್ಟ್ರೆಚರುಗಳು ಮುಳುಗುಗಾರರಿಗಾಗಿ ಬಂದವು. ಅವುಗಳ ಬೆಲೆ, ತರಬೇತಿ ಮತ್ತು ಬೆಂಕಿಯ ಅಪಾಯ ನೆನೆದರೆ ತಾಲ್ಲೂಕು ಆಸ್ಪತ್ರೆಗೆ ಅವು ಇಂದಿಗೂ ಭಾರವೇ.

ಬೀದರ್ ಸೀಮೆಯಲ್ಲಿ ಚಳಿ ಬಿದ್ದಾಗ ಬಾಗಿಲು ಹಾಕಿ ಶೇಗಡಿಯಲ್ಲಿ ಕೆಂಡ ಇಡುವುದುಂಟು. ರಾಜ್ಯದ ಗಡಿ ಸಮೀಪದ ಡಾಬಕಾ ಗ್ರಾಮದಿಂದ ಬೀದರ್‌ನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರಲು ತಾಸಿಗೂ ಹೆಚ್ಚು ಹಿಡಿಯುತ್ತದೆ. ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108 ಆಂಬ್ಯುಲೆನ್ಸಿನ ಸಿಲಿಂಡರಿನಿಂದ ದಾರಿಯುದ್ದಕ್ಕೂ ಬಿಗಿಯಾದ ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟರೆ ಅಷ್ಟರಲ್ಲಿ ವಿಷ ಹತ್ತಿರಹತ್ತಿರ ಅರ್ಧ ಇಳಿದಿರುತ್ತದೆ. ಔರಾದ್, ಭಾಲ್ಕಿಯ ಹಳ್ಳಿಗಳಿಗೆ ಚೀಲಕ್ಕಿಂತ ಮೊದಲು ಬೇಕಾದದ್ದು ಇದೇ. ಕೋವಿಡ್ ನಂತರ ಊರೂರಿಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ವಿಷ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸಬಲ್ಲದು. ಶೇಗಡಿಯಿಟ್ಟ ಕೋಣೆಯಲ್ಲಿ ಮನೆಮಂದಿಗೆಲ್ಲ ಒಮ್ಮೆಲೇ ತಲೆನೋವು, ವಾಂತಿ ಶುರುವಾದರೆ ಆ ಅಂಕಿಯನ್ನು ನಂಬದೆ ಅವರನ್ನು ಬಯಲಿಗೆ ತಂದು ಆಮ್ಲಜನಕ ಹಚ್ಚಬೇಕು.