ಹೃದ್ರೋಗಿಗಳಲ್ಲಿ ಕ್ಯೂಟಿ ಅವಧಿಯ ಹೆಚ್ಚಳ: ಕಾರಣಗಳ ಶೋಧದ ಇತಿಹಾಸ

ಹೃತ್ಕುಕ್ಷಿಗಳ ಸ್ನಾಯು ವಿದ್ಯುತ್ ಪ್ರಚೋದನೆಗೊಂಡು ಮತ್ತೆ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಕಾಲವೇ ಕ್ಯೂಟಿ ಅವಧಿ. ಇಸಿಜಿಯಲ್ಲಿ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗೆ ಇದನ್ನು ಅಳೆಯುತ್ತಾರೆ. ಇದು ಮಿತಿಮೀರಿ ಹೆಚ್ಚಿದರೆ ಮಾರಕ ಲಯದೋಷ ಉಂಟಾಗಬಹುದು.

ಅಳತೆ: ಈ ಅಲೆಗಳಿಗೆ ಹೆಸರಿಟ್ಟವನು ಲೈಡನ್‌ನ ವಿಲ್ಲೆಂ ಐಂತೋವನ್ (ನೊಬೆಲ್, 1924). ನಾಡಿ ವೇಗವಾದಂತೆ ಕ್ಯೂಟಿ ಕುಗ್ಗುವುದರಿಂದ ಅದನ್ನು ನಾಡಿಗೆ ತಕ್ಕಂತೆ ತಿದ್ದಬೇಕು. 1920ರಲ್ಲಿ ಬ್ಯಾಜೆಟ್ ವರ್ಗಮೂಲದ ಸೂತ್ರವನ್ನೂ ಫ್ರಿಡರೀಷಿಯಾ ಘನಮೂಲದ ಸೂತ್ರವನ್ನೂ ಕೊಟ್ಟರು. ನಿಮಿಷಕ್ಕೆ ಸುಮಾರು 94 ಬಾರಿ ಮಿಡಿಯುವ ಹೃದಯದಲ್ಲಿ ಕ್ಯೂಟಿ 400 ಮಿಲಿಸೆಕೆಂಡ್ ಇದ್ದರೆ, ಮೊದಲನೆಯ ಸೂತ್ರದಂತೆ ಅದು 500, ಎರಡನೆಯದರಂತೆ 464. ಐನೂರು ದಾಟಿದರೆ ಅಪಾಯ ಹೆಚ್ಚು ಎಂದು ವೈದ್ಯರು ಎಣಿಸುವುದರಿಂದ ಈ ಅಂತರ ಸಣ್ಣದಲ್ಲ.

ಔಷಧಗಳ ಪಾತ್ರ: 1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್, ಹುಟ್ಟುಕಿವುಡಿನ ಜೊತೆಗೆ ಮೂರ್ಛೆ ಹೋಗುತ್ತಿದ್ದ ಮಕ್ಕಳಲ್ಲಿ ಆನುವಂಶಿಕವಾಗಿ ಬಂದ ದೀರ್ಘ ಕ್ಯೂಟಿಯನ್ನು ವಿವರಿಸಿದರು. ಹೃದ್ರೋಗಿಗಳಲ್ಲಿ ಕಾರಣ ಬೇರೆಯಾಗಿತ್ತು. ಹೃತ್ಕರ್ಣದ ಲಯ ಸರಿಪಡಿಸಲು ಕೊಟ್ಟ ಕ್ವಿನಿಡಿನ್ ಮಾತ್ರೆಯೇ ಕೆಲವರಲ್ಲಿ ಮೂರ್ಛೆ ತರುತ್ತಿದೆಯೆಂದು 1964ರಲ್ಲಿ ಸೆಲ್ಜರ್ ಮತ್ತು ರೇ ತೋರಿಸಿದರು. ಹೃತ್ಕರ್ಣ-ಹೃತ್ಕುಕ್ಷಿಗಳ ನಡುವೆ ವಿದ್ಯುತ್ ಪೂರ್ಣವಾಗಿ ತಡೆಗೊಂಡಿದ್ದ ವೃದ್ಧೆಯೊಬ್ಬಳ ಇಸಿಜಿಯಲ್ಲಿ, ಅಲೆಗಳ ತುದಿ ತಿರುಚಿಕೊಳ್ಳುತ್ತಾ ಸಾಗುವ ಲಯದೋಷವನ್ನು 1966ರಲ್ಲಿ ಫ್ರಾನ್ಸಿನ ದೆಸೆರ್ತೆನ್ ಗುರುತಿಸಿ ‘ತೊರ್ಸಾದ್ ದ ಪ್ವಾಂತ್’ ಎಂದು ಕರೆದ. ಇಂಥ ತಡೆಯಿಂದ ನಾಡಿ ತೀರಾ ನಿಧಾನವಾಗುವುದೂ ಕ್ಯೂಟಿ ಹೆಚ್ಚಿ ಈ ಲಯದೋಷ ಉಂಟಾಗಲು ಕಾರಣವಾಗಬಲ್ಲದು.

1996ರಲ್ಲಿ ಪ್ರಕಟವಾದ ಸ್ವೋರ್ಡ್ ಅಧ್ಯಯನ ಇನ್ನೂ ಕಟುವಾದ ಪಾಠ ಕಲಿಸಿತು. ಹೃದಯಾಘಾತದಿಂದ ಎಡ ಹೃತ್ಕುಕ್ಷಿ ದುರ್ಬಲಗೊಂಡವರಿಗೆ ಕ್ಯೂಟಿ ಹೆಚ್ಚಿಸುವ ಲಯದೋಷ ನಿವಾರಕ ಔಷಧ ಡಿ-ಸೊಟಲಾಲ್ ಕೊಟ್ಟಾಗ 5.0% ಮಂದಿ ಸತ್ತರು. ಹುಸಿಮದ್ದು ಪಡೆದವರಲ್ಲಿ 3.1%. ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಯಿತು.

ಜೀವಕೋಶದೊಳಗೆ: ವಿಫಲಗೊಂಡ ಹೃದಯದ ಕೋಶಗಳಲ್ಲಿ ಪೊಟ್ಯಾಸಿಯಂ ಪ್ರವಾಹ ತಗ್ಗಿರುವುದು 1990ರ ದಶಕದಲ್ಲಿ ಖಚಿತವಾಯಿತು. ಕೋಶದಿಂದ ಪೊಟ್ಯಾಸಿಯಂ ಹೊರಹರಿದರೆ ತಾನೇ ಸ್ನಾಯು ವಿದ್ಯುತ್ತಾಗಿ ವಿಶ್ರಾಂತಿಗೆ ಮರಳುವುದು! ಹೀಗೆ ಮರಳಲು ಆರೋಗ್ಯವಂತ ಹೃದಯಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಒಂದು ಮುಚ್ಚಿದರೆ ಇನ್ನೊಂದು ಹೊರೆ ಹೊರುತ್ತದೆ. ಈ ಮೀಸಲು ಸಾಮರ್ಥ್ಯದ ಪರಿಕಲ್ಪನೆಯನ್ನು 1998ರಲ್ಲಿ ಡ್ಯಾನ್ ರೋಡನ್ ಮುಂದಿಟ್ಟರು. ರೋಗಗ್ರಸ್ತ ಹೃದಯದಲ್ಲಿ ಮೀಸಲು ಆಗಲೇ ಕರಗಿರುತ್ತದೆ. ಅದರ ಮೇಲೆ ಮೂತ್ರವರ್ಧಕ ಮಾತ್ರೆಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದು, ಕ್ಯೂಟಿ ಹೆಚ್ಚಿಸುವ ಆಂಟಿಬಯಾಟಿಕ್ ಒಂದು ಸೇರಿದರೂ ಲಯ ಕೆಡಬಹುದು.

ಆದ್ದರಿಂದಲೇ ಇಂಥ ರೋಗಿಗೆ ಅಪಾಯಕರ ಔಷಧ ಆರಂಭಿಸುವ ಮುನ್ನವೂ ಅನಂತರವೂ ಇಸಿಜಿ ಮತ್ತು ರಕ್ತದ ಲವಣಾಂಶಗಳ ಪರೀಕ್ಷೆ ಅಗತ್ಯ. ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು. ಉಳಿದವುಗಳಲ್ಲಿ ತಕ್ಷಣ ಸರಿಪಡಿಸಬಹುದಾದದ್ದು ಇದ್ದೀತು.