ಮಾಳದ ನೆಲವೂ ಮೋಜಣಿಯ ನಕ್ಷೆಯೂ

ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಹೊರಟವರಿಗೆ ಕಣ್ಣು ಹಾಯುವವರೆಗೂ ಬಯಲೇ ಕಾಣುವುದು. ಸೀನಾ, ಭೀಮಾ, ಬೋರಿ ನದಿಗಳ ದಂಡೆಗಳಲ್ಲಿ ಕಪ್ಪು ಎರೆಭೂಮಿಯುಂಟು. ಅವುಗಳ ನಡುವಣ ಏರು ನೆಲದಲ್ಲಿ ಕಲ್ಲು ಬೆರೆತ ತೆಳುಮಣ್ಣು. ಇದನ್ನೇ ನಾವು ಮಾಳವೆನ್ನುತ್ತೇವೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನಾಡಿಗೆ ಬರವು ಹೊಸದಲ್ಲ. ಆದರೂ ನಾಲ್ಕು ಹನಿ ಬಿದ್ದೊಡನೆ ಮಾಳದಲ್ಲಿ ಹುಲ್ಲು ಚಿಗುರುತ್ತದೆ. ಕುರುಬರ, ಧನಗರರ ಕುರಿಗಳಿಗೆ ಅದೇ ಜೀವಾಧಾರ.

ಹಿಂದೆ ನಮ್ಮ ಹಿರಿಯರು ನೆಲವನ್ನು ದುಡಿಮೆಯಿಂದ ಅಳೆಯುತ್ತಿದ್ದರು. ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದ ಹೊಲಕ್ಕೆ ಕೂರಿಗೆಯೆಂದೇ ಹೆಸರು. 1835ರ ಸುಮಾರಿಗೆ ನೆರೆಯ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಮೋಜಣಿಯನ್ನು ಆರಂಭಿಸಿದರು. ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಸ್ಥಿರಗೊಂಡವು. 33 ಅಡಿ ಸರಪಳಿಯ ಒಂದು ಚೌಕವು ಗುಂಟೆ. ಅಂಥ 40 ಗುಂಟೆಗಳು ಒಂದು ಎಕರೆ. ಪ್ರತಿಯೊಂದು ಹೊಲಕ್ಕೂ ನಂಬರು, ಮೂಲೆಗೆ ಗಡಿಕಲ್ಲು, ಮಣ್ಣಿನ ಬಣ್ಣ ಮತ್ತು ಆಳವನ್ನು ನೋಡಿ ದರ್ಜೆ. ಕಂದಾಯವನ್ನು 30 ವರ್ಷಗಳಿಗೆ ನಿಗದಿಮಾಡಿದ್ದರಿಂದ ರೈತನಿಗೆ ಉಪಕಾರವಾಯಿತೆಂಬುದನ್ನು ನಾವು ಮರೆಯಲಾಗದು.

ಆದರೆ ಬಿತ್ತಲು ಬಾರದ ನೆಲಕ್ಕೆ ದಫ್ತರದಲ್ಲಿ ಖರಾಬು ಎಂಬ ಹೆಸರು ಬಿದ್ದಿತು. ಊರ ದನಗಳಿಗೆಂದು ಗಾಯರಾಣವನ್ನು ಬಿಟ್ಟರೆಂಬುದು ನಿಜ. ಊರಿಂದೂರಿಗೆ ದಾಟಿಹೋಗುವ ಕುರಿಯ ಹಾದಿ ಒಂದೊಂದೇ ಊರಿನ ನಕ್ಷೆಯಲ್ಲಿ ಹೇಗೆ ಹಿಡಿಸೀತು? ಖರಾಬಿನ ಹುಲ್ಲು ತಿಂದ ಕುರಿಗಳೇ ರಾತ್ರಿ ರೈತನ ಹೊಲದಲ್ಲಿ ತಂಗಿ ಗೊಬ್ಬರ ಕೊಡುತ್ತವೆ, ಅದಕ್ಕೆ ಪ್ರತಿಯಾಗಿ ಕುರುಬನಿಗೆ ಕಾಳು ದೊರೆಯುತ್ತದೆ. ಈ ಲೆಕ್ಕವು ದಫ್ತರಕ್ಕೆ ತಿಳಿಯಲಿಲ್ಲ.

ಮುಂದೆ 1979ರಲ್ಲಿ ಎರೆಭೂತ ಹಕ್ಕಿಯ ರಕ್ಷಣೆಗಾಗಿ ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ ಅಭಯಾರಣ್ಯವನ್ನು ಸಾರಲಾಯಿತು. ಮರಾಠಿಯಲ್ಲಿ ಮಾಳಢೋಕವೆನಿಸುವ ಈ ಹಕ್ಕಿಗೂ ಹುಲ್ಲುಮಾಳವೇ ಮನೆ. ಉದ್ದೇಶವು ಒಳ್ಳೆಯದೇ. ಆದರೆ ಗಡಿಯು 8,496 ಚದರ ಕಿಲೋಮೀಟರುಗಳನ್ನು ಬಳಸಿದ್ದರಿಂದ ಹೊಲ, ಊರು, ಪೇಟೆಗಳೂ ಅದರೊಳಗಾದವು. ಜಮೀನಿನ ವ್ಯವಹಾರಗಳಿಗೆ ತೊಡಕಾಯಿತು. ಮೂರು ದಶಕಗಳ ತರುವಾಯ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಅಷ್ಟರಲ್ಲಿ ನಾನ್ನಜದ ಮಾಳದಲ್ಲಿಯೂ ಆ ಹಕ್ಕಿ ಅಪರೂಪವಾಗಿದ್ದಿತು.

ಮೊದಲನೆಯ ನಕ್ಷೆ ಮಾಳವನ್ನು ನಿರುಪಯೋಗಿಯೆಂದಿತು; ಎರಡನೆಯದು ಮಾಳವಲ್ಲದ್ದನ್ನೂ ಮಾಳದೊಡನೆ ಸೇರಿಸಿತು. ಎರಡಕ್ಕೂ ಮಾಳದಲ್ಲಿ ನಡೆದಾಡುವವನ ಅರಿವು ಸಾಲಲಿಲ್ಲ. ಆದುದರಿಂದ ಭೂಗೋಳದ ಪಾಠದಲ್ಲಿ ಮಕ್ಕಳಿಂದ ಊರ ನಕ್ಷೆಯನ್ನು ಬರೆಯಿಸುವಾಗ, ಮೊದಲು ಅವರನ್ನು ಮುದುಕ ಕುರುಬನೊಬ್ಬನ ಬಳಿಗೆ ಕರೆದೊಯ್ಯೋಣ. ಕುರಿಗಳು ಯಾವ ಹಾದಿಯಿಂದ ಬರುತ್ತವೆ, ಬೇಸಗೆಯಲ್ಲಿ ಎಲ್ಲಿ ನೀರು ಕುಡಿಯುತ್ತವೆಂಬುದನ್ನು ಕೇಳಿ ತಿಳಿಯಲಿ. ಆ ಗೆರೆಗಳೂ ಸೇರಿದ ಮೇಲೆ ಊರ ನಕ್ಷೆ ಪೂರ್ಣವಾದೀತು.